ಹನ್ನೆರಡಕ್ಕೆ ಏಳುವ ಬೆರಳು

ಬಾಯಾರು, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ, ತೀರಿಕೊಂಡ ಮೇಲೆ ಕುಂದಗೋಳದ ನಮ್ಮ ಶಾಲೆಯಲ್ಲಿ ಒಂದು ಸಭೆ ಇಟ್ಟರು. ಅವರ ಜೊತೆ ಬಹಳ ವರ್ಷ ಕೆಲಸ ಮಾಡಿದವನು ನಾನೇ ಎಂದು ಮೊದಲು ನನ್ನನ್ನೇ ಎಬ್ಬಿಸಿದರು. ನಾನು ಎದ್ದು ನಿಂತು, "ಗಣಿತ ಛಲೋ ಕಲಿಸುತ್ತಿದ್ದರು, ಸಂಗೀತದ ಅಭಿರುಚಿ ಇತ್ತು" ಎಂದು ಕೂತುಬಿಟ್ಟೆ. ಇತಿಹಾಸದ ಮಾಸ್ತರ ನಾನು. ಬಾಯಿ ತೆರೆದರೆ ಗಂಟೆ ಹೊಡೆದರೂ ಮುಚ್ಚುವವನಲ್ಲ. ಹಾಗಾಗಿ ಎಲ್ಲರೂ ಇವನಿಗೆ ದುಃಖ ತಡೆಯಲಾಗಲಿಲ್ಲ ಎಂದುಕೊಂಡರು. ದುಃಖ ಇರಲಿಲ್ಲ ಎಂದಲ್ಲ. ಆದರೆ ನನ್ನನ್ನು ಕೂಡಿಸಿದ್ದು ದುಃಖವಲ್ಲ, ನಾಚಿಕೆ.

ನನ್ನ ಹಿಂದೆ ಎದ್ದವರು ಅವರನ್ನು ಶಿಸ್ತಿನ ಸಿಪಾಯಿ ಮಾಡಿದರು, ತ್ಯಾಗಮೂರ್ತಿ ಮಾಡಿದರು, ಒಬ್ಬರಂತೂ ಕರುಣಾಮಯಿ ತಾಯಿ ಎಂದು ಕಣ್ಣೊರೆಸಿಕೊಂಡರು. ಆ ಒಬ್ಬರು ಬಾಯಾರ ಜೊತೆ ಖಡುವಿನ, ಅಂದರೆ ಸೀಮೆಸುಣ್ಣದ, ತುಂಡಿಗಾಗಿ ಜಗಳಾಡಿ ಮಾತು ಬಿಟ್ಟಿದ್ದವರು. ಬಾಯಾರೇ ಅಲ್ಲಿ ಕೂತಿದ್ದರೆ, "ಯಾರ ಬಗ್ಗೆ ಮಾತಾಡಾಕತ್ಯಾರ್ರಿ ಇವರು? ಭಾಳ ಛಲೋ ಹೆಣಮಗಳು ಕಾಣಸ್ತಾಳ, ನಾನೂ ಸ್ವಲ್ಪ ಅಳತೇನಿ" ಎನ್ನುತ್ತಿದ್ದರು.

ಸಭೆಗೆ ಮೊದಲು ಅವರ ಯಜಮಾನರು ನಳದ ಕಟ್ಟೆಯ ಹತ್ತಿರ ನಿಂತಿದ್ದರು. ಹತ್ತಿ ದಲಾಲಿ ಮಾಡಿಕೊಂಡಿದ್ದ ಮನುಷ್ಯ, ಮಾತು ಕಡಿಮೆ. ನನ್ನ ಕೈ ಹಿಡಿದು, ನನಗೆ ಸೇರಬೇಕಾದ ಯಾವುದೋ ವಸ್ತುವನ್ನು ಒಪ್ಪಿಸುವವರ ಹಾಗೆ ಹೇಳಿದರು: "ಸರ, ನೀವಿಬ್ಬರೂ ಹುಬ್ಬಳ್ಳಿಗೆ ಆ ರಿಕಾರ್ಡ್ ನೋಡಾಕ ಹೋಗಿದ್ರಲ್ಲ, ಅದರ ಹಿಂದಿನ ವಾರನ ಕಿವಿ ಡಾಕ್ಟರು ಹೇಳಿದ್ರು. ನರಾ ಸೋತಾವು, ವರ್ಷದಾಗ ಪೂರಾ ಹೋಗತಾವು ಅಂತ. ಯಾರ ಮುಂದೂ ಹೇಳಬ್ಯಾಡ್ರಿ ಅಂದಿದ್ಲು. ಈಗ ಹೇಳಿದ್ರ ನಡೀತೈತಿ ಅಲ್ರಿ?"

ಬಾಯಾರ ಕಿವಿ ಹೋಗಿದ್ದು ನನಗೆ ಗೊತ್ತಿತ್ತು. ಒಂದು ಸಂಜೆ ನಾನೇ ಕಣ್ಣಾರೆ ಕಂಡಿದ್ದೆ. ಆದರೆ ಹುಬ್ಬಳ್ಳಿಗೆ ಹೋದ ದಿನವೇ ಅವರಿಗೆ ಗೊತ್ತಿತ್ತು ಎಂಬುದು ಗೊತ್ತಿರಲಿಲ್ಲ. ಅಂಥ ಮಾತು ಕೇಳಿಸಿಕೊಂಡು ಹೋಗಿ ಮೈಕಿನ ಮುಂದೆ ನಿಂತವನಿಗೆ ಮಾತು ಎಲ್ಲಿಂದ ಬರಬೇಕು? ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಯಾರು ಗಿಡ್ಡಗಿದ್ದರು, ನಡಿಗೆ ಮಾತ್ರ ಬಸ್ಸು ತಪ್ಪುವವರದ್ದು. ಸೆರಗಿಗೆ ಯಾವಾಗಲೂ ಖಡುವಿನ ಪುಡಿ. ಮಾತಿಗೆ ಸುತ್ತುಬಳಸು ಇರಲಿಲ್ಲ. ನಾನು ಶಾಲೆಗೆ ಹೊಸದಾಗಿ ಸೇರಿದಾಗ ಸ್ಟಾಫ್ ರೂಮಿನಲ್ಲಿ ಒಂದು ಭಾವಗೀತೆ ಗುನುಗುತ್ತಿದ್ದೆ. "ಸರ, ದನಿ ಛಲೋ ಐತಿ. ಸುರಕ್ಕ ಕುಂದ್ರೂದಿಲ್ಲ ಅಷ್ಟ" ಎಂದರು, ಉತ್ತರಪತ್ರಿಕೆಯಿಂದ ತಲೆ ಎತ್ತದೆ. ಆಮೇಲೆ ನಾನು ಬಚ್ಚಲಲ್ಲೂ ಹಾಡಿಲ್ಲ. ಕುಂದಗೋಳದಲ್ಲಿ ಇದು ದೊಡ್ಡ ಮಾತೇನಲ್ಲ. ಈ ಊರಿನಲ್ಲಿ ಚಹಾದಂಗಡಿಯವನೂ ಹಾಡುಗಾರನ ಗಾಂಧಾರ ಇಳಿಯಿತು ಎಂದು ಮೂಗು ಮುರಿಯುತ್ತಾನೆ. ಕಾಲು ನೋಯುತ್ತದೆ, ಕಣ್ಣು ಮಂಜಾಗಿದೆ ಎಂದು ಜನ ಆರಾಮವಾಗಿ ಹೇಳಿಕೊಳ್ಳುತ್ತಾರೆ. ಕಿವಿ ಕೇಳಿಸುವುದಿಲ್ಲ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಇಲ್ಲಿ ಮರ್ಯಾದೆ ಇರುವುದೇ ಕಿವಿಯಲ್ಲಿ.

ಇಂಥ ಊರಿನಲ್ಲಿದ್ದುಕೊಂಡು ಬಾಯಾರು ಕೇಳುತ್ತಿದ್ದದ್ದು ಜಾಝ್. ತುತ್ತೂರಿ, ಸ್ಯಾಕ್ಸೊಫೋನು, ಪಿಯಾನೋ, ಡ್ರಮ್ಮು ಇಟ್ಟುಕೊಂಡು ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ. ಅದೂ ಫೋನಿನಲ್ಲಲ್ಲ, ಕರಿಯ ತಟ್ಟೆಯಂಥ ಎಲ್‌ಪಿ ರಿಕಾರ್ಡುಗಳಲ್ಲಿ.

ಇದು ಅವರಿಗೆ ಅಳ್ನಾವರದಲ್ಲಿ ಅಂಟಿದ್ದು. ತಂದೆ ಅಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಕ್ವಾರ್ಟರ್ಸಿನ ಬಾಜು ಮನೆಯಲ್ಲಿ ಗೋವಾದ ಇಂಜಿನ್ ಡ್ರೈವರ್ ಒಬ್ಬರು, ಡ್ಯೂಟಿ ಇಲ್ಲದ ದಿನ ಬಾಗಿಲು ತೆರೆದಿಟ್ಟು ರಿಕಾರ್ಡು ಹಾಕುತ್ತಿದ್ದರಂತೆ. ಶಾಲೆಗೆ ಹೋಗುವ ಹುಡುಗಿ ಜಗುಲಿಯ ಮೇಲೆ ಕೂತು ಕೇಳುತ್ತ ಕೇಳುತ್ತ ಒಳಗೇ ಹೋಗಿ ಕೂತಳು. ಡ್ರೈವರಿಗೆ ಬೇರೆ ಕಡೆ ವರ್ಗವಾದಾಗ ಹಳೆಯ ಪ್ಲೇಯರನ್ನೂ ಒಂದು ಪೆಟ್ಟಿಗೆ ರಿಕಾರ್ಡನ್ನೂ ಈ ಹುಡುಗಿಗೇ ಬಿಟ್ಟುಹೋದರು. ಒಂದೇ ಒಂದನ್ನು ಮಾತ್ರ ಕೊಡಲಿಲ್ಲ. ಅದರ ಹೊದಿಕೆಯ ಮೇಲೆ ನೀಲಿ ಮಂಜಿನಲ್ಲಿ ಒಂದು ಬೀದಿದೀಪ ಇತ್ತಂತೆ. "ಅದು ನಂದು ಮಗಳs, ಅದನ್ನ ಕೇಳಬ್ಯಾಡ" ಎಂದು ಎದೆಗವಚಿಕೊಂಡು ರೈಲು ಹತ್ತಿದರಂತೆ. ಬಾಯಾರು ಅದಕ್ಕೆ ಮಂಜಿನ ರಿಕಾರ್ಡು ಎನ್ನುತ್ತಿದ್ದರು. ಮದುವೆ, ನೌಕರಿ, ಮಕ್ಕಳು ಎಲ್ಲ ಆದರೂ ಆ ಮಂಜಿನ ರಿಕಾರ್ಡು ಅವರ ತಲೆಯಿಂದ ಹೋಗಲಿಲ್ಲ. "ಅದರಾಗ ಎರಡನೇ ಹಾಡಿನ್ಯಾಗ ತುತ್ತೂರಿಯಂವ ಒಂದ ಕಡೆ ಸುಮ್ಮನಾಗ್ತಾನ್ರಿ. ಬರೇ ತಟ್ಟಿ ತಾಳ ಚಿಸ್ ಚಿಸ್ ಅಂತಿರತೈತಿ. ಅದನ್ನೊಂದು ಮತ್ತೊಮ್ಮೆ ಕೇಳಬೇಕ್ರಿ" ಎಂದು ನನ್ನ ಮುಂದೆ ಹೇಳದ ಮಳೆಗಾಲ ಇಲ್ಲ. ತಟ್ಟಿ ತಾಳ ಎಂದರೆ ಡ್ರಮ್ಮಿನ ಮಗ್ಗುಲಿಗೆ ನಿಲ್ಲಿಸಿದ ಹಿತ್ತಾಳೆ ತಟ್ಟೆ.

ಬಾಯಾರು ಸೊಸೆಯಾಗಿ ಬಂದ ಮನೆ ಭಜನೆಯ ಮನೆ. ಮಾವನವರು ದೊಡ್ಡ ಗವಾಯಿಗಳನ್ನು ಎದುರಿಗೆ ಕೂಡಿಸಿಕೊಂಡು ಕೇಳಿದವರು, ತಬಲಾ ಬಲ್ಲವರು. ಹೊಸ ಸೊಸೆ ಮೊದಲ ಸಲ ರಿಕಾರ್ಡು ಹಾಕಿದಾಗ ಪಡಸಾಲೆಯಿಂದ ಕೂಗಿದರಂತೆ: "ಯಾರದರ ಲಗ್ನ ಐತೇನ? ಬ್ಯಾಂಡಿನವರು ನಮ್ಮ ಮನ್ಯಾಗ ತಾಲೀಮು ನಡಿಸ್ಯಾರಲ್ಲ!" ಹುಡುಗಿ ನಾಚಿ ನೀರಾಗಿ ಸೂಜಿ ಎತ್ತಿದಳು. ಬಾಯಾರು ಹಾಡಿನ ನಡುವೆ ಸೂಜಿ ಎತ್ತಿದ್ದು ಅದೊಂದೇ ಸಲ. ಆಮೇಲೆ ವರ್ಷಾನುಗಟ್ಟಲೆ ದನಿ ಸಣ್ಣದು ಮಾಡಿ, ಬಾಗಿಲು ಮುಂದೆ ಮಾಡಿ ಕೇಳಿದರು. ಮುಪ್ಪಿನಲ್ಲಿ ಒಮ್ಮೆ ಮಾವನವರೇ ಬಾಗಿಲು ತಳ್ಳಿ ಒಳಬಂದು ಗೋಡೆಗೆ ಒರಗಿ ಕೂತರಂತೆ. ಒಂದು ಬದಿ ಪೂರ್ತಿ ಕೇಳಿ, "ತುತ್ತೂರಿಯಂವ ಸುರದಾಗ ಅದಾನವಾ. ಬಾಗಲಾ ಯಾಕ ಹಾಕ್ಕೋತಿ, ತಗದಿಡು" ಎಂದು ಎದ್ದುಹೋದರು. ಇದನ್ನು ಹೇಳುವಾಗ ಬಾಯಾರ ಕಣ್ಣು ತುಂಬುತ್ತಿತ್ತು. ಹಾಗೆ ಕಣ್ಣು ತುಂಬಿದ್ದಕ್ಕೆ ನಮ್ಮನ್ನೇ ಬೈಯುತ್ತಿದ್ದರು.

ಹೊರದೇಶದ ಹೆಸರುಗಳು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ತಾವೇ ಹೆಸರಿಟ್ಟುಕೊಂಡಿದ್ದರು. ಗಲ್ಲಾ ಉಬ್ಬಿಸಾಂವ, ಕಣ್ಣ ಮುಚ್ಚಿದಂವ, ಟೊಪಿಗಿ ಅಣ್ಣ. ದೊಡ್ಡ ಗುರುಗಳ ಹೆಸರೆತ್ತುವಾಗ ಕಿವಿ ಮುಟ್ಟಿಕೊಳ್ಳುವುದು ನಮ್ಮ ಕಡೆಯ ಸಂಗೀತದವರ ರೂಢಿ. ಬಾಯಾರು ಕಿವಿ ಮುಟ್ಟಿಕೊಂಡು ಅಷ್ಟೇ ಭಕ್ತಿಯಿಂದ "ಗಲ್ಲಾ ಉಬ್ಬಿಸಾಂವ" ಎನ್ನುತ್ತಿದ್ದರು. ನಗು ಬಂದರೂ ನಗುವ ಧೈರ್ಯ ನನಗಿರಲಿಲ್ಲ.

ನನಗೆ ಕೇಳಲು ಕಲಿಸಿದವರೂ ಅವರೇ. ಶನಿವಾರ ಮುಂಜಾನೆಯ ಶಾಲೆ ಬಿಟ್ಟಮೇಲೆ ಅವರ ಮನೆಯಲ್ಲಿ ಗಿರಮಿಟ್ಟು, ಚಹಾ, ಒಂದು ರಿಕಾರ್ಡು. ಮೊದಮೊದಲು ನನಗೆ ಅದು ಸಂತೆಯ ಗದ್ದಲ. "ಎಣಸ್ರಿ ಸರ" ಎಂದರು. "ಒಂದ, ಎರಡ, ಮೂರ, ನಾಕ. ಹಿಂಗ ಹನ್ನೆರಡು ಸಲ. ಎಲ್ಲಿ ಬೇಕಾದಲ್ಲಿ ತಿರಗ್ಯಾಡ್ಲಿ, ಹನ್ನೆರಡು ತುಂಬಿತಂದ್ರ ಮನಿಗೆ ಬಂದs ಬರತಾರ. ಮನಿಗೆ ಬರದಾಂವ ಕಲಾವಿದ ಅಲ್ಲ, ತಿರಬೋಕಿ." ಎಲ್ಲ ಹಾಡೂ ಹನ್ನೆರಡರದ್ದಲ್ಲ, ಅದು ಆಮೇಲೆ ತಿಳಿಯಿತು. ಆದರೆ ಬಾಯಾರಿಗೆ ಪ್ರೀತಿ ಹನ್ನೆರಡರ ಮೇಲೆ. ಕಣ್ಣು ಮುಚ್ಚಿ ಬೆತ್ತದ ಖುರ್ಚಿಯಲ್ಲಿ ಕೂತಿರುತ್ತಿದ್ದರು, ಬಲಗೈ ಮೊಣಕಾಲ ಮೇಲೆ. ಹಾಡು ಮನೆಗೆ ಬಂದ ಗಳಿಗೆಗೆ ಸರಿಯಾಗಿ ತೋರುಬೆರಳು ಏಳುತ್ತಿತ್ತು, ಮತ್ತೆ ಮಲಗುತ್ತಿತ್ತು. ನಾನು ಹಾಡಿಗಿಂತ ಹೆಚ್ಚಾಗಿ ಆ ಬೆರಳನ್ನು ನೋಡಿಯೇ ಜಾಝ್ ಕಲಿತೆ.

ಕುಂದಗೋಳದ ಕರೆಂಟಿಗೆ ಹೊತ್ತುಗೊತ್ತಿಲ್ಲ. ಹಾಡಿನ ನಡುವೆ ಹೋದರೆ ತಟ್ಟೆ ನಿಧಾನವಾಗುತ್ತ ತುತ್ತೂರಿ ಎಮ್ಮೆಯ ಹಾಗೆ ಒದರಿ ನಿಲ್ಲುತ್ತಿತ್ತು. ಬಾಯಾರು ತಟ್ಟನೆ ಕಣ್ಣು ತೆರೆದು, "ಹೋತಪಾ, ಉಸ್ತಾದಗ ದಮ್ಮ ಕಟ್ಟಿತು" ಎಂದು ನಗುತ್ತಿದ್ದರು. ಆಗಲೂ ಸೂಜಿ ಎತ್ತಲು ಬಿಡುತ್ತಿರಲಿಲ್ಲ. ಹಾಡುವವರ ಬಾಯಿ ಮುಚ್ಚಬಾರದು, ಕರೆಂಟು ಬರುವವರೆಗೆ ಕಾಯಬೇಕು, ಅಷ್ಟೇ.

ಅವರು ಗಣಿತ ಕಲಿಸುವುದೂ ವಿಚಿತ್ರವೇ. ಒಂದು ದಿನ ಯಾವುದೋ ಕೆಲಸಕ್ಕೆ ಅವರ ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಒಂದು ಹುಡುಗಿಗೆ ಲೆಕ್ಕ ತಪ್ಪಿತ್ತು. ಬಾಯಾರು ಹೋಗಿ ಬೆಂಚಿನ ಮೇಲೆ ಅವಳ ಮಗ್ಗುಲಿಗೆ ಕೂತು, ಅವಳು ಮಾಡಿದ ಹಾಗೆಯೇ, ತಪ್ಪಿನ ಸಮೇತ, ತಮ್ಮ ವಹಿಯಲ್ಲೂ ಬರೆಯತೊಡಗಿದರು. ಕೊನೆಗೆ ಉತ್ತರ ನೋಡಿ, "ಅಯ್ಯs, ನಂದೂ ತಪ್ಪತಲ್ಲವಾ! ಬಾ, ಇಬ್ಬರೂ ಕೂಡಿ ಹುಡಕೂಣು, ಎಲ್ಲಿ ಎಡವಿದ್ವಿ" ಎಂದರು. ಹುಡುಗಿಗೆ ಧೈರ್ಯ ಬಂತು, ತಪ್ಪನ್ನು ತಾನೇ ಹುಡುಕಿದಳು. ಹೊರಗೆ ಬಂದಾಗ, "ಇಷ್ಟು ಹೊತ್ತು ಯಾಕ್ರಿ, ಇಲ್ಲಿ ತಪ್ಪೈತಿ ಅಂತ ಬಟ್ಟು ಇಟ್ಟು ತೋರಿಸಿದ್ರ ಮುಗೀತಿತ್ತು" ಎಂದೆ. "ಬಟ್ಟು ಇಟ್ರ ತಪ್ಪು ಕಾಣೂದಿಲ್ರಿ ಸರ, ಬಟ್ಟು ಕಾಣತೈತಿ" ಎಂದರು. ನಾನು ಸ್ಟಾಫ್ ರೂಮಿನಲ್ಲಿ ಅದನ್ನು ಅಣಕಿಸಿ ಎಲ್ಲರನ್ನೂ ನಗಿಸಿದೆ. ಬಾಯಾರೂ ನಕ್ಕರು.

ಹಳೆಯ ರಿಕಾರ್ಡು ಕೊಳ್ಳುವುದು ಎಂದರೆ ಅವರಿಗೆ ಕನ್ಯೆ ನೋಡುವಷ್ಟು ದೊಡ್ಡ ಕೆಲಸ. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಹಳೆ ಸಾಮಾನಿನ ವ್ಯಾಪಾರಿ ಇದ್ದ. ಗೋವಾ ಕಡೆ ಹಳೆಯ ಮನೆ ಖಾಲಿ ಮಾಡುವಾಗ ಸಿಕ್ಕ ಪೆಟ್ಟಿಗೆಗಳು ಅವನಲ್ಲಿಗೆ ಬರುತ್ತಿದ್ದವು. ಬಾಯಾರು ರಿಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಜೋಳ ಆರಿಸುವವರ ಹಾಗೆ ಗೀರು ಹುಡುಕುತ್ತಿದ್ದರು. ನಡುವಿನ ಕಾಗದದ ಹತ್ತಿರದ ಗೆರೆಗಳನ್ನು ಮೊದಲು ಕೇಳಿಸೆನ್ನುವರು. ರಿಕಾರ್ಡು ಸವೆದರೆ ಮೊದಲು ಕೆಡುವುದು ಅಲ್ಲೇ ಅಂತೆ. ಹೋದಾಗಲೆಲ್ಲ ಒಂದು, ಹೆಚ್ಚೆಂದರೆ ಎರಡು. ಅವನ್ನು ಕೌದಿಯಲ್ಲಿ ಸುತ್ತಿ, ಬಸ್ಸು ಬೇಡ ಎಂದು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುವರು.

ಅಷ್ಟರಲ್ಲಿ ನಾನು ಪಂಡಿತನಾಗಿದ್ದೆ. ಫೋನಿನಲ್ಲಿ ರಿಕಾರ್ಡು ಸಂಗ್ರಾಹಕರ ಗುಂಪುಗಳಿರುತ್ತವೆ. ಯಾವ ಕಂಪನಿಯ ಯಾವ ಮುದ್ರಣ ಶ್ರೇಷ್ಠ ಎಂದು ಹಗಲಿಡೀ ಕಚ್ಚಾಡುತ್ತಾರೆ. ನಾನು ಅವನ್ನೆಲ್ಲ ಓದಿ ಓದಿ, ಅಲ್ಪನಿಗೆ ಐಶ್ವರ್ಯ ಬಂದ ಹಾಗೆ ಆಗಿತ್ತು. ಹಳೆಯ ಹೆಸರಾಂತ ರಿಕಾರ್ಡುಗಳನ್ನೆಲ್ಲ ಕಂಪನಿಯವರು ಮೂಲ ಟೇಪಿನಿಂದ ಮತ್ತೆ ತೆಗೆದು, ತೊಳೆದು ಒರೆಸಿ, ರೀಮಾಸ್ಟರ್ ಮಾಡಿ ಹೊಸದಾಗಿ ಹೊರತರುತ್ತಾರೆ ಎಂಬ ಸುದ್ದಿ ಬಂದಾಗ ನನಗೆ ನನ್ನ ಮನೆಯ ಮದುವೆಯಷ್ಟು ಸಂಭ್ರಮ. ಈಗ ಯಾವುದನ್ನು ಕೊಳ್ಳಬೇಕು, ಯಾವುದಕ್ಕೆ ಕಾಯಬೇಕು ಎಂದು ಬಾಯಾರಿಗೆ ಪಾಠವೇ ಮಾಡಿದೆ. ಅವರು, "ಹೌದೇನ್ರಿ? ಹಂಗೇನ್ರಿ?" ಎಂದು ಕೇಳಿದರು.

ಆ ದಿನಗಳಲ್ಲೇ ಹುಬ್ಬಳ್ಳಿಯ ವ್ಯಾಪಾರಿ ಫೋನು ಮಾಡಿದ. ಬಾಯಾರು ಇಷ್ಟು ವರ್ಷ ಹುಡುಕುತ್ತಿದ್ದ ನೀಲಿ ಮಂಜಿನ ರಿಕಾರ್ಡು ಬಂದಿದೆ, ಇನ್ನೊಬ್ಬರು ಪುಣೆಯವರು ಕೇಳುತ್ತಿದ್ದಾರೆ, ಬೇಗ ಬನ್ನಿ ಎಂದ. "ನಡ್ರಿ ಸರ, ಹೋಗೂಣು" ಎಂದರು ಬಾಯಾರು. ಅವರು ಆ ವಾರ ಸ್ವಲ್ಪ ಸುಮ್ಮನಿದ್ದರು. ನಿವೃತ್ತಿ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ.

ಅಂಗಡಿಯಲ್ಲಿ ಹೊದಿಕೆ ಕೈಗೆ ಬಂದಾಗ ಬಾಯಾರು ಅದನ್ನು ಬೆಳಕಿಗೆ ಹಿಡಿಯಲಿಲ್ಲ, ಗೀರು ನೋಡಲಿಲ್ಲ. ಸೆರಗಿನಿಂದ ಧೂಳು ಒರೆಸಿ ಮೊದಲು ಕಣ್ಣಿಗೆ ಒತ್ತಿಕೊಂಡರು. ಆಮೇಲೆ, "ಎರಡನೇ ಹಾಡು ಹಾಕ್ರಿ" ಎಂದರು. ವ್ಯಾಪಾರಿ ಹಾಕಿದ. ಬಾಯಾರು ಕಣ್ಣು ಮುಚ್ಚಿದರು, ಬೆರಳು ಸರಿಯಾದ ಜಾಗಕ್ಕೆ ಎದ್ದಿತು, ಮತ್ತೆ ಎದ್ದಿತು. ತುತ್ತೂರಿಯವನು ಸುಮ್ಮನಾಗುವ ಜಾಗ ಬಂತು. ಬಾಯಾರ ಹುಬ್ಬು ಗಂಟಾಯಿತು.

"ತಾಳ ಎಲ್ಲಿ ಹೋತ್ರಿ?" ಎಂದರು. "ತಟ್ಟಿ ತಾಳ. ಚಿಸ್ ಚಿಸ್ ಅಂತಿತ್ತಲ್ಲ."

"ಕೇಳಸಾಕತ್ತೈತಲ್ರಿ ಬಾಯಾರ" ಎಂದ ವ್ಯಾಪಾರಿ.

ನನಗೂ ಕೇಳಿಸುತ್ತಿತ್ತು. ತಾಳ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ಬಾಯಾರ ಕಿವಿಯ ಎದುರು ನನ್ನ ಕಿವಿಯದೇನು ಬೆಲೆ? ಅವರಿಗೆ ಕೇಳದ್ದು ನನಗೆ ಕೇಳಿದರೆ ನನ್ನದೇ ತಪ್ಪಿರಬೇಕು ಎಂದು ನಾನು ನನ್ನ ಕಿವಿಯನ್ನೇ ನಂಬಲಿಲ್ಲ. ಕುಂದಗೋಳದವರು ಯಾರಿದ್ದರೂ ಹೀಗೇ ಮಾಡುತ್ತಿದ್ದರೋ ಏನೋ. ಬಾಯಾರ ಕಿವಿ ಸೋತಿದೆ ಎಂಬ ವಿಚಾರ ನಮ್ಮ ತಲೆಯ ಹತ್ತಿರವೂ ಸುಳಿಯುವಂಥದ್ದಲ್ಲ. ಸೋತಿದ್ದರೆ ರಿಕಾರ್ಡೇ ಸೋತಿರಬೇಕು. ಮತ್ತೆ ನನ್ನ ಪಾಂಡಿತ್ಯ ಹೊರಬರಲು ಇದಕ್ಕಿಂತ ಒಳ್ಳೆ ಸಂದರ್ಭ ಯಾವುದು?

"ನಿಲ್ಸ್ರಿ ಅದನ್ನ" ಎಂದು ವ್ಯಾಪಾರಿಗೆ ಹೇಳಿದೆ. ಅವನು ಹಾಡಿನ ನಡುವೆ ಸೂಜಿ ಎತ್ತಿದ. ಬಾಯಾರು ಕಣ್ಣು ತೆರೆದು ನನ್ನನ್ನು ನೋಡಿದರು. ಬೇರೆ ದಿನವಾಗಿದ್ದರೆ ಆ ತಪ್ಪಿಗೆ ಅಂಗಡಿಯಲ್ಲೇ ನನ್ನ ಮಾನ ಹೋಗುತ್ತಿತ್ತು. ನಾನು ಫೋನು ತೆಗೆದು ಇಬ್ಬರಿಗೂ ವಿವರಿಸಿದೆ. ರಿಕಾರ್ಡು ಸವೆದರೆ ಮೊದಲು ಹೋಗುವುದೇ ಮೇಲಿನ ಸಣ್ಣ ದನಿಗಳು, ಮುಖ್ಯವಾಗಿ ತಾಳ. ಇದೇ ರಿಕಾರ್ಡು ಬರುವ ವರ್ಷ ರೀಮಾಸ್ಟರ್ ಆಗಿ ಬರುತ್ತಿದೆ. ತಾಳದ ಒಂದೊಂದು ಏಟೂ ಬೇರೆ ಬೇರೆ ಕೇಳುತ್ತದೆ. ಸವೆದ ಈ ತಟ್ಟೆಗೆ ಯಾಕೆ ಕೈ ಹಾಕುತ್ತೀರಿ, ಇಷ್ಟು ವರ್ಷ ಕಾದಿದ್ದೀರಿ, ಇನ್ನೊಂದು ವರ್ಷ ತಡೆಯಿರಿ. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳೂ ನನ್ನ ಸುತ್ತ ನಿಂತು ಕೇಳಿದರು. ನನಗೆ ಹುರುಪು ಏರಿತು.

ಬಾಯಾರು ಹೊದಿಕೆಯ ಮೇಲಿನ ದೀಪ ನೋಡಿದರು. "ರಿಕಾರ್ಡ್ ಸವದೈತಿ ಅಂತೀರಿ?" ಎಂದರು.

"ನೂರಕ್ಕ ನೂರು ಬಾಯಾರ."

"ಹೊಸಾದು ಸ್ವಚ್ಛ ಇರತೈತಿ ಅಂತೀರಿ?"

"ಅಗದಿ ಸ್ವಚ್ಛ."

ಅವರು ನನ್ನ ಮುಖ ನೋಡಿದರು, ಸುತ್ತ ನಿಂತವರನ್ನು ನೋಡಿದರು. "ಹಂಗಾದ್ರ ತಡಿಯೂಣು ಬಿಡ್ರಿ" ಎಂದು ಹೊದಿಕೆಯನ್ನು ವ್ಯಾಪಾರಿಯ ಕೈಗೆ ಕೊಟ್ಟರು. ಅಂದೇ ಸಂಜೆ ಅದು ಪುಣೆಗೆ ಹೋಯಿತು. ರೈಲಿನಲ್ಲಿ ಬರುವಾಗ ಬಾಯಾರ ತೊಡೆಯ ಮೇಲೆ ಬರೀ ಕೌದಿ. ನಾನು ಕುಂದಗೋಳ ಬರುವವರೆಗೂ ಮಾತಾಡುತ್ತಲೇ ಇದ್ದೆ. ಅವರು ಕಿಟಕಿಯ ಕಡೆ ಮುಖ ಮಾಡಿ ತಲೆ ಆಡಿಸುತ್ತಿದ್ದರು.

ನನ್ನ ಒಂದು ಮಾತಿಗೆ ಅವರು ಎದುರಾಡಿದ್ದರೆ ಸಾಕಿತ್ತು. ಸರ, ಸವೆದದ್ದು ರಿಕಾರ್ಡಲ್ಲ, ನಾನು ಎಂದಿದ್ದರೆ ಆಗುತ್ತಿತ್ತು. ಆದರೆ ಹಾಗೆ ಎಂದರೆ ಆ ಗಿರಾಕಿಗಳ ಮುಂದೆ ನನ್ನ ಪಾಂಡಿತ್ಯ ಏನಾಗುತ್ತಿತ್ತು? ಒಂದು ಕಡೆ ತಮ್ಮ ಕಿವಿಯ ಮರ್ಯಾದೆ, ಇನ್ನೊಂದು ಕಡೆ ನನ್ನ ಮರ್ಯಾದೆ. ಎರಡನ್ನೂ ಉಳಿಸಲು ಅವರು ಬಿಟ್ಟುಕೊಟ್ಟದ್ದು ಆ ಒಂದು ರಿಕಾರ್ಡು. ಯಜಮಾನರು ಆ ಮಾತು ಹೇಳಿದಂದಿನಿಂದ ನಾನು ಆ ಅಂಗಡಿಯಲ್ಲೇ ನಿಂತಿದ್ದೇನೆ, ಫೋನು ಹಿಡಿದುಕೊಂಡು.

ಆಮೇಲೆ ಬಾಯಾರು ನಿವೃತ್ತರಾದರು. ನನಗೆ ಅಣ್ಣಿಗೇರಿ ಕಡೆ ವರ್ಗವಾಯಿತು. ಶನಿವಾರದ ಗಿರಮಿಟ್ಟು ನಿಂತಿತು. ಫೋನು ಮಾಡಿದರೆ ಯಾವಾಗಲೂ ಯಜಮಾನರೇ ಎತ್ತುವರು. "ಆಕಿ ಹಿತ್ತಲದಾಗ ಅದಾಳ್ರಿ, ನೀವು ಕೇಳಿದ್ರಿ ಅಂತ ಹೇಳತೇನಿ" ಎನ್ನುವರು. ಬಾಯಾರಿಗೆ ಹಿತ್ತಲ ಹುಚ್ಚು ಯಾವಾಗ ಹತ್ತಿತಪ್ಪ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ರೀಮಾಸ್ಟರ್ ಆದದ್ದು ಹೇಳಿದ ಹೊತ್ತಿಗೆ ಬರಲಿಲ್ಲ, ತಡವಾಗಿಯೇ ಬಂತು. ಪಾರ್ಸೆಲ್ ಕೈಗೆ ಸಿಕ್ಕ ದಿನವೇ ಅದನ್ನು ಎದೆಗವಚಿಕೊಂಡು ಕುಂದಗೋಳದ ಬಸ್ಸು ಹತ್ತಿದೆ. ಚಳಿಗಾಲದ ಇಳಿಹೊತ್ತು. ಬಾಯಾರು ಬಾಗಿಲಲ್ಲೇ ಸಿಕ್ಕರು. ಸೊರಗಿದ್ದರು. "ಜೋರ ಮಾತಾಡ್ರಿ ಸರ, ನೆಗಡ್ಯಾಗಿ ಕಿವಿ ಕಟ್ಟ್ಯಾವು" ಎಂದರು. ನಾನು ಅದನ್ನೂ ನಂಬಿದೆ. ನಂಬಿಕೆಯ ವಿಷಯದಲ್ಲಿ ನಾನು ಬಹಳ ಉದಾರಿ.

ಪಾರ್ಸೆಲ್ ಬಿಚ್ಚಿ ಹೊದಿಕೆಯನ್ನು ಅವರ ಕೈಗೆ ಕೊಟ್ಟೆ. ಅದೇ ನೀಲಿ, ಅದೇ ದೀಪ, ಹೊಸ ಕಾಗದದ ವಾಸನೆ. ಅವರು ದೀಪದ ಮೇಲೆ ಅಂಗೈ ಆಡಿಸಿದರು. "ಹಚ್ಚರಿ" ಎಂದು ತಮ್ಮ ಬೆತ್ತದ ಖುರ್ಚಿಯಲ್ಲಿ ಕೂತರು. ಆ ವರ್ಷವೆಲ್ಲ ಅವರು ನೆಲದ ಮೇಲೆ ಕೂತು ಸ್ಪೀಕರಿನ ಪೆಟ್ಟಿಗೆಗೆ ಅಂಗೈ ಹಚ್ಚಿಕೊಂಡು ಅದರ ನಡುಕವನ್ನಷ್ಟೇ ಕೇಳುತ್ತಿದ್ದರಂತೆ. ಇದನ್ನೂ ಯಜಮಾನರು ಆಮೇಲೆ ಹೇಳಿದ್ದು. ಅಂದು ನಾನಿದ್ದೆನೆಂದು ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ.

ಸೂಜಿ ಇಳಿಸಿದೆ. ಅದು ಇಳಿದದ್ದನ್ನು ನೋಡಿ ಅವರು ಕಣ್ಣು ಮುಚ್ಚಿದರು. ಅವರ ಬೆರಳು ಒಮ್ಮೆ ಹಾಡಿಗಿಂತ ಒಂದಿಷ್ಟು ಹಿಂದೆ ಬಿದ್ದ ಹಾಗೆ ಕಂಡಿತು. ವಯಸ್ಸಾಯಿತು ಎಂದುಕೊಂಡೆ. ಎರಡನೇ ಹಾಡು ಶುರುವಾಯಿತು. ತುತ್ತೂರಿ ಎರಡು ಸುತ್ತು ತಿರುಗಿ ಮನೆಗೆ ಬಂತು. ತಾಳ ನಿಜಕ್ಕೂ ಅಷ್ಟು ಸ್ಪಷ್ಟವಾಗಿತ್ತು, ಯಾರೋ ಹಿತ್ತಾಳೆ ತಟ್ಟೆಯ ಮೇಲೆ ಸಾಸಿವೆ ಉದುರಿಸಿದಂತೆ. ನಾನು ಹೆಮ್ಮೆಯಿಂದ ಬಾಯಾರ ಕಡೆ ನೋಡುತ್ತಿದ್ದೆ.

ಅಷ್ಟರಲ್ಲಿ ಕರೆಂಟು ಹೋಯಿತು.

ತುತ್ತೂರಿ ಎಮ್ಮೆಯ ಹಾಗೆ ಒದರಿ ನಿಂತಿತು. ಆಂಪ್ಲಿಫಾಯರಿನ ಕೆಂಪು ದೀಪ ಆರಿತು. ನಾನು ನಗಲು ತಯಾರಾಗಿ ಕಾದೆ. ಈಗ ಕಣ್ಣು ತೆರೆಯುತ್ತಾರೆ, ಉಸ್ತಾದಗ ದಮ್ಮ ಕಟ್ಟಿತು ಎನ್ನುತ್ತಾರೆ. ಬಾಯಾರ ಕಣ್ಣು ತೆರೆಯಲಿಲ್ಲ. ಹೊರಗೆ ಯಾರೋ ಎತ್ತಿಗೆ ಗದರುವ ದನಿ ಕೇಳಿತು, ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ. ಖುರ್ಚಿಯಲ್ಲಿ ಬಾಯಾರ ತೋರುಬೆರಳು ಮೆಲ್ಲಗೆ ಎದ್ದಿತು. ಮಲಗಿತು. ನನಗೆ ತಿಳಿಯದೆಯೇ ನಾನು ಎಣಿಸತೊಡಗಿದೆ. ಹನ್ನೆರಡು ತುಂಬುವ ಹೊತ್ತಿಗೆ ಮತ್ತೆ ಎದ್ದಿತು.

"ಎಷ್ಟ್ ಸ್ವಚ್ಛ ಐತಲ್ರಿ ಸರ" ಎಂದರು ಬಾಯಾರು, ಕಣ್ಣು ಮುಚ್ಚಿಕೊಂಡೇ, ಸ್ವಲ್ಪ ಜೋರಾಗಿ. "ನೀವು ಹೇಳಿದ್ದು ಖರೇ ಆತು. ತಾಳ ನೋಡ್ರಿ, ಒಂದೊಂದು ಏಟು ಬ್ಯಾರೆ ಬ್ಯಾರೆ ಕೇಳಸಾಕತ್ತೈತಿ. ಛಲೋ ಆತು ತಡದ್ವಿ. ಹಳೇದು ತಗೊಂಡಿದ್ರ ಸುಳ್ಳs ಕೆಡತಿದ್ವಿ."

ಯಜಮಾನರು ಚಹಾ ಹಿಡಿದುಕೊಂಡು ಬಾಗಿಲಿಗೆ ಬಂದರು. ನಿಂತ ತಟ್ಟೆ ನೋಡಿದರು, ಹೆಂಡತಿಯ ಬೆರಳು ನೋಡಿದರು, ನನ್ನ ಮುಖ ನೋಡಿದರು. ಅಲ್ಲೇ ತಲೆ ತಗ್ಗಿಸಿ ನಿಂತುಬಿಟ್ಟರು. ನನಗೆ ಎಲ್ಲ ಒಮ್ಮೆಲೇ ಅರ್ಥವಾಯಿತು: ಹುಬ್ಬಳ್ಳಿಯ ತಾಳ, ಹಿತ್ತಲು, ನೆಗಡಿ. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ಬಾಯಾರು ಬೆಂಚಿನ ಮೇಲೆ ನನ್ನ ಮಗ್ಗುಲಿಗೆ ಬಂದು ಕೂತಿದ್ದರು. ನನ್ನ ತಪ್ಪು ಲೆಕ್ಕವನ್ನು, ತಪ್ಪಿನ ಸಮೇತ, ತಮ್ಮ ವಹಿಯಲ್ಲೂ ಕೊನೆಯವರೆಗೆ ಬರೆಯುತ್ತಿದ್ದರು. ನಾನು ಎಡವಿದ್ದೆಲ್ಲಿ ಎಂದು ಬಟ್ಟು ಇಡಲು ಅವರಿಗೆ ಮನಸ್ಸಿರಲಿಲ್ಲ.

ಬಾಯಾರು ಕಣ್ಣು ತೆರೆದು ನನ್ನ ತುಟಿಗಳನ್ನೇ ನೋಡುತ್ತ ಕೇಳಿದರು: "ಹೌದಲ್ರಿ ಸರ?"

"ಹೌದ್ರಿ ಬಾಯಾರ" ಎಂದೆ, ತುಟಿ ಬಿಡಿಸಿ, ನಿಧಾನವಾಗಿ. "ಅಗದಿ ಸ್ವಚ್ಛ."

ಅವರು ತೃಪ್ತಿಯಿಂದ ಮತ್ತೆ ಕಣ್ಣು ಮುಚ್ಚಿದರು. ಕರೆಂಟು ಬರಲಿಲ್ಲ. ಸದ್ದಿಲ್ಲದ ಆ ಕೋಣೆಯಲ್ಲಿ ನಾನು ಮತ್ತೆ ಒಂದರಿಂದ ಎಣಿಸತೊಡಗಿದೆ. ಹನ್ನೆರಡಕ್ಕೆ ಬಾಯಾರ ಬೆರಳು ಎದ್ದಿತು. ಅದರ ಜೊತೆ ನನ್ನದೂ ಎದ್ದಿತು.